ಉದ್ರಿ ಪುಸ್ತಕದಲ್ಲಿ ಒಂದು ವಿಮಾನ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಪಾತ್ರೆ ಅಂಗಡಿಯ ಪಕ್ಕ,
ಒಬ್ಬರು ಒಳಗಿದ್ದರೆ ಇನ್ನೊಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು,
ಅಷ್ಟಗಲದ ಫ್ಯಾನ್ಸಿ ಸ್ಟೋರು ನನ್ನದು.
ಗಂಡಸರು ಬಂದರೆ ಚೀಟಿ ತರುತ್ತಾರೆ, ಹೆಂಡತಿಯ ಅಕ್ಷರ,
ನನ್ನ ಮುಖ ನೋಡದೆ ಓದಿ ಚಿಲ್ಲರೆಯನ್ನೂ ಬಿಟ್ಟು ಓಡುತ್ತಾರೆ.
ಬೋರಲಿಂಗಯ್ಯನವರು ಚೀಟಿಯಿಲ್ಲದೆ ಬಂದರು,
ಸ್ಟೂಲಿನ ಮೇಲೆ ಕೂತರು,
"ಉಗುರು ಬಣ್ಣ ತೋರಿಸಮ್ಮ" ಅಂದರು.

ಯಾರಿಗೆ ಅಂತ ಕೇಳಬಾರದು, ಅದು ವ್ಯಾಪಾರದ ಮರ್ಯಾದೆ.
ಕೆಂಪು ತೆಗೆದೆ. ಬೇಡ.
ಗುಲಾಬಿ, ಮೆರೂನು, ಈರುಳ್ಳಿ ಸಿಪ್ಪೆಯದು. ಬೇಡ.
"ಬೂದಿ ಇದೆಯಾ? ಒಲೆಯದಲ್ಲ,
ಇಸ್ತ್ರಿಪೆಟ್ಟಿಗೆ ತಣ್ಣಗಾದ ಮೇಲೆ ಕೊಡವ್ತೀವಲ್ಲ, ಅದು."
ಹಸೀನಾ ಸರಗಳ ಗೊಂಚಲ ಹಿಂದೆ ಮುಖ ಇಟ್ಟುಕೊಂಡು ನಕ್ಕಳು.
ನಾನು ಬೆಂಗಳೂರಿನ ಹೋಲ್‌ಸೇಲಿಗೆ ಫೋನು ಮಾಡಿದೆ.

ಮೂರನೇ ಸಲ ಟಿಫನ್ ಡಬ್ಬಿ ತಂದರು.
ಮುಚ್ಚಳ ತೆಗೆದರೆ ಹತ್ತಿಯ ಮೇಲೆ
ಮೀನಿನ ಮರಿಯ ಹಾಗೆ ಮಲಗಿದೆ ವಿಮಾನ,
ಜೇಬಿನ ಬಾಚಣಿಗೆಗಿಂತ ಗಿಡ್ಡ.
"ನ್ಯಾಟು. ಅಂದ್ರೆ ನೊರಜು.
ಎಪ್ಪತ್ತೆರಡು ಪಾಲಲ್ಲಿ ಒಂದು ಪಾಲು."
ಆ ಲೆಕ್ಕದಲ್ಲಿ ನಾನೆಷ್ಟು ಉದ್ದ ಅಂದೆ.
ಹೇರ್‌ಪಿನ್ನೊಂದನ್ನು ಎತ್ತಿಕೊಂಡು
ಅರ್ಧಕ್ಕಿಂತ ಕೊಂಚ ಕೆಳಗೆ ಉಗುರಿಟ್ಟು ತೋರಿಸಿದರು.

"ಇದನ್ನ ಓಡಿಸ್ತಿದ್ರಾ?"
"ಇಲ್ಲಮ್ಮ. ಇದರ ಕೆಳಗೆ ಮಲಗ್ತಿದ್ದೆ."

ಎಪ್ಪತ್ತೊಂದು, ಪಂಜಾಬು, ಸ್ಪ್ಯಾನರು ಕೈಗೆ ಅಂಟಿಕೊಳ್ಳುವ ಚಳಿ.
ಹೊಟ್ಟೆಯ ಒಂದು ಮುಚ್ಚಳ ಬಿರುಕು ಬಿಟ್ಟು
ರಾತ್ರೋರಾತ್ರಿ ಬೇರೊಂದರಿಂದ ಬಿಚ್ಚಿ ತಂದು ಹಾಕಿದರಂತೆ.
ಅದಕ್ಕೆ ಬಣ್ಣ ಬಳಿಯಲು ಹೊತ್ತಿರಲಿಲ್ಲ,
ಹಸಿರು ಬೂದಿಯ ನಡುವೆ ಬೆಳ್ಳಿ ತೇಪೆ.
"ಡಬ್ಬದ ಮೇಲಿನ ಚಿತ್ರದಲ್ಲಿ ಅದಿಲ್ಲ.
ಬರೆದವನಿಗೆ ಹೇಗೆ ಗೊತ್ತಾಗಬೇಕು,
ಅವನು ಮೇಲಿಂದ ನೋಡಿ ಬರೆದಿದಾನೆ."

ಬೆಳ್ಳಿ ನನ್ನಲ್ಲಿತ್ತು. ಮದುವೆ ಸೀಸನ್ನಿನ ಉಳಿಕೆ.
ಕಷ್ಟ ಇದ್ದದ್ದು ಅವರ ಕೈಯಲ್ಲಿ.
ಹಿಡಿದ ಬ್ರಷ್ಷು ಗಡಿಯಾರದ ಮುಳ್ಳಿನ ಹಾಗೆ ಅದುರುತ್ತಿತ್ತು.
ರೆಕ್ಕೆಗೆ ಅಂಟಿಸುವ ಚಕ್ರದ ಚೀಟಿಗಳು ಹಳೆಯವು,
ನೀರಿಗೆ ಬಿಟ್ಟೊಡನೆ ಹಾಲಿನ ಕೆನೆಯಂತೆ ಒಡೆದವು.
ಅವರು ಆ ಬಟ್ಟಲನ್ನು ನೋಡುತ್ತಾ ಕೂತರು.
ನಾನು ಹದಿನೆಂಟು ವರ್ಷ
ವಧುಗಳ ಕಿರುಬೆರಳಿನ ಉಗುರಲ್ಲಿ ನವಿಲು ಬರೆದವಳು.

ಮಧ್ಯಾಹ್ನ ಕರೆಂಟಿಲ್ಲ, ಗಿರಾಕಿಯಿಲ್ಲ.
ಹಸೀನಾ ಮೊಬೈಲ್ ಟಾರ್ಚು ಹಿಡಿದಳು.
ರೆಪ್ಪೆಗೆ ಹಚ್ಚುವ ಬ್ರಷ್ಷಿನಲ್ಲಿ ಮೂರು ಕೂದಲು ಉಳಿಸಿ
ಮೊದಲು ಕೇಸರಿ, ಒಣಗಲಿ, ಒಳಗೆ ಬಿಳಿ,
ನಟ್ಟ ನಡುವೆ ಹಸಿರಿನ ಒಂದು ಸಾಸಿವೆ.
ಉಸಿರು ಬಿಡಬೇಡಿ ಅಂದೆ.
ಅವರು ನಿಜಕ್ಕೂ ಬಿಡಲಿಲ್ಲ.

ಆಮೇಲೆ ನೋಡಿದರೆ ಡಬ್ಬಿಯ ಮೂಲೆಯಲ್ಲಿ
ಜೀರಿಗೆಯಷ್ಟು ಪೈಲಟ್ಟು ಉಳಿದಿದ್ದಾನೆ.
ಇವನನ್ನ ಮರೆತಿರಿ ಅಂದೆ.
"ಮರೆತಿಲ್ಲ. ಅದು ನನ್ನ ಕೈಯಲ್ಲಿದ್ದಾಗೆಲ್ಲ
ಸೀಟು ಖಾಲಿಯೇ ಇರ್ತಿತ್ತು.
ಅವರು ಹತ್ತೋ ಹೊತ್ತಿಗೆ ನಾನು ಪಕ್ಕಕ್ಕೆ ಸರಿದಿರಬೇಕು."
ಪೈಲಟ್ಟು ಈಗ ನನ್ನ ಮೂಗುಬೊಟ್ಟಿನ ಡಬ್ಬದಲ್ಲಿದ್ದಾನೆ.

ಎರಡು ದಿನ ಅದು ಗಾಜಿನ ಕಪಾಟಿನಲ್ಲಿ
ಕ್ಲಿಪ್ಪು ಬಿಂದಿಗಳ ನಡುವೆ ಒಣಗಿತು.
ಪೆನ್ಷನ್ ಮೊಹಲ್ಲಾದ ಹುಡುಗಿಯೊಬ್ಬಳು ಬೆಲೆ ಕೇಳಿ
ಇಲ್ಲ ಅಂದದ್ದಕ್ಕೆ ಮುನಿಸಿಕೊಂಡು ಹೋದಳು.

ಒಯ್ಯುವ ದಿನ ದುಡ್ಡು ಸಾಲದೆ ಉದ್ರಿ ಬರೆಸಿದರು:
ಬೂದಿ ಎರಡು, ಹಸಿರು ಒಂದು, ಬೆಳ್ಳಿ ಒಂದು.
ಬಾಕಿಗೆ ಯಾರೂ ಸಹಿ ಹಾಕುವುದಿಲ್ಲ ನನ್ನಲ್ಲಿ.
ಅವರು ವಿಮಾನವನ್ನು ತಿರುಗಿಸಿ ಹೊಟ್ಟೆ ನೋಡಿ,
ಚಕ್ರ ಮುಟ್ಟಿ, ತೇಪೆ ಮುಟ್ಟಿ,
ಸಹಿ ಹಾಕಿ ತಾರೀಕು ಬರೆದು
ಸಮಯವನ್ನೂ ಬರೆದರು. ಐದು ಹತ್ತು.
ಆ ಸಹಿ ಮಾತ್ರ ಅದುರಿರಲಿಲ್ಲ.

ಮೊನ್ನೆ ಮತ್ತೆ ಬಂದರು. ಬಾಕಿ ಕೊಡಲಿಲ್ಲ.
ಒಣಗಿದ ಸಗಣಿಯ ಹಸಿರು ಬೇಕಂತೆ.
"ಈ ಸಲ ಟ್ಯಾಂಕು ಕಣಮ್ಮ."
"ಅದರ ಕೆಳಗೂ ಮಲಗಿದ್ರಾ?"
"ಅಯ್ಯೋ ತಾಯಿ, ಅದರ ಕೆಳಗೆ ಮಲಗಿದವರು ಏಳಲ್ಲ"
ಅಂದು ನಕ್ಕರು,
ನಗು ನಿಂತ ಮೇಲೂ ಸ್ವಲ್ಪ ಹೊತ್ತು
ಶೀಶೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು.